ಕೊನೆ ತೂಬಿನ ನೀರು

ಅಪ್ಪನ ಹತ್ತಿರ ಈಗ ಉಳಿದಿರುವುದು ಒಂದೇ ಮಾತು. "ಬಂತಾ?"

ಚಹಾ ಬೇಕಾದರೆ ಬಂತಾ. ಸಾಕು ಅನ್ನಬೇಕಾದರೂ ಬಂತಾ. ಮೊಮ್ಮಗ ಶಾಲೆಯಿಂದ ಓಡಿ ಬಂದರೆ ನಗುತ್ತಾ ಬಂತಾ, ಕರೆಂಟ್ ಹೋದರೆ ಸಿಟ್ಟಿನಲ್ಲಿ ಬಂತಾ. ದನಿ ಬದಲಾಗುತ್ತದೆ, ಮಾತು ಅದೇ. 2018ರ ಆಗಸ್ಟ್‌ನಲ್ಲಿ ಲಕ್ವಾ ಹೊಡೆದಾಗಿನಿಂದ ಹೀಗೇ.

ಈ ಮಾತೇ ಯಾಕೆ ಉಳಿಯಿತು ಅಂತ ನಮ್ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ನಮ್ಮೂರು ಮಾನ್ವಿ ತಾಲ್ಲೂಕಿನದು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ. ಮುನಿರಾಬಾದ್ ಹತ್ತಿರ ಡ್ಯಾಂನಿಂದ ಹೊರಡುವ ಆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯನ್ನೆಲ್ಲ ಹಾದು ರಾಯಚೂರು ಕಡೆ ಬರುತ್ತದೆ. ಉದ್ದ 227 ಕಿಲೋಮೀಟರ್. ಕಾಗದದ ಮೇಲೆ ಅದು ಬಹುಪಾಲು ಅರೆ ನೀರಾವರಿಯ ಲೆಕ್ಕ. ಜೋಳ, ಹತ್ತಿ, ಶೇಂಗಾ ಬೆಳೆದುಕೊಳ್ಳಿ ಅಂತ. ಆದರೆ ಮೇಲ್ಭಾಗದಲ್ಲಿ ಭತ್ತ ಬಂತು. ಭತ್ತಕ್ಕೆ ನೀರು ನಿಲ್ಲಬೇಕು. ಮೇಲೆ ನಿಂತ ನೀರು ಕೆಳಗೆ ಬರೋದಿಲ್ಲ. ಹಾಗಾಗಿ ನಮ್ಮೂರಲ್ಲಿ ಇಬ್ಬರು ಎದುರಾದರೆ ಮೊದಲು ಕೇಳೋದು "ನೀರು ಬಂತಾ?" ಅಂತ. ಅಪ್ಪ ನಲವತ್ತು ವರ್ಷ ಅದನ್ನೇ ಕೇಳಿದ. ಅದರಲ್ಲಿ ನೀರು ಹೋಗಿದೆ, ಬಂತಾ ಉಳಿದಿದೆ.

ನಾನು ಬಳ್ಳಾರಿಯ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಸಿ.ಟಿ. ಟೆಕ್ನಿಷಿಯನ್. ದಿನಾ ತಲೆಗಳನ್ನು ನೋಡೋ ಕೆಲಸ. ರಿಪೋರ್ಟ್ ಬರೆಯೋದು ಡಾಕ್ಟರು. ಮಲಗಿಸೋದು, ತಲೆ ಅಲ್ಲಾಡದ ಹಾಗೆ ಪಟ್ಟಿ ಕಟ್ಟೋದು, ಓಲೆ, ಮೂಗುತಿ ಬಿಚ್ಚಿಸೋದು ನನ್ನ ಪಾಲು. ಅದಕ್ಕೇ ಇದನ್ನು ಡಾಕ್ಟರ ಮಾತು ಅಂತ ಓದಬೇಡಿ. ಕಾಲುವೆಯ ಕೊನೆಯಲ್ಲಿ ಬೆಳೆದವಳು ಮೆದುಳಿನ ಕಾಲುವೆಗಳನ್ನು ನೋಡಿ ನೋಡಿ ತಿಳಿದುಕೊಂಡದ್ದು, ಅಷ್ಟೇ.

ಮೊದಲು ಲೆಕ್ಕ. ಮೆದುಳು ತೂಗೋದು ಸುಮಾರು 1.4 ಕಿಲೋ. ಮೈತೂಕದಲ್ಲಿ ನೂರಕ್ಕೆ ಎರಡು ಪಾಲು. ನಾವು ಸುಮ್ಮನೆ ಕೂತಿದ್ದಾಗ ಹೃದಯ ನಿಮಿಷಕ್ಕೆ ಐದು ಲೀಟರಿನಷ್ಟು ರಕ್ತ ತಳ್ಳುತ್ತದೆ. ಅದರಲ್ಲಿ 700ರಿಂದ 750 ಮಿಲಿಲೀಟರ್ ಇದೊಂದಕ್ಕೇ ಬೇಕು. ಮೈ ಬಳಸೋ ಆಮ್ಲಜನಕದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲೂ ಇದರದೇ. ನೂರು ಎಕರೆ ಊರಲ್ಲಿ ಎರಡೇ ಎಕರೆ ಇಟ್ಟುಕೊಂಡು ಐದನೇ ಪಾಲು ನೀರು ಕುಡಿಯೋ ಸಾಹುಕಾರ ಅನ್ನಿ. ನಮ್ಮ ಕಡೆ ಇಂಥವರ ಮೇಲೆ ಕಾಲುವೆ ನೀರಿನ ತೀರ್ಮಾನ ಮಾಡೋ ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆಯಲ್ಲಿ ಜಗಳವೇ ಆಗುತ್ತಿತ್ತು.

ಆದರೆ ಈ ಸಾಹುಕಾರನ ಹತ್ತಿರ ಒಂದು ಹೊಂಡವೂ ಇಲ್ಲ. ಪಿತ್ತಜನಕಾಂಗ ಸಕ್ಕರೆ ಕೂಡಿಡುತ್ತದೆ, ಮಾಂಸಖಂಡವೂ ಕೂಡಿಡುತ್ತದೆ. ಮೆದುಳು ಕೂಡಿಡೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬಂದದ್ದನ್ನು ಬಂದ ಹಾಗೆ ಉಣ್ಣೋದು. ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ. ನಾಲ್ಕೈದು ನಿಮಿಷಕ್ಕೆ ಸರಿಯಾಗದ ಏಟು ಬೀಳತೊಡಗುತ್ತದೆ. ಹತ್ತಿ ಗಿಡ ವಾರಗಟ್ಟಲೆ ತಡೆಯುತ್ತದೆ. ಭತ್ತವೂ ಕೆಲವು ದಿನ ಮುಖ ಬಾಡಿಸಿಕೊಂಡು ಕಾಯುತ್ತದೆ.

ಇಂಥದ್ದಕ್ಕೆ ರಕ್ತ ಒಯ್ಯೋದು ನಾಲ್ಕು ನಾಳ. ಗಂಟಲ ಗಂಟಿನ ಪಕ್ಕ ಎರಡು ಬೆರಳು ಮೆತ್ತಗೆ ಇಡಿ, ಒಂದು ಕಡೆ ಮಾತ್ರ. ಟಕ್ ಟಕ್ ಅನ್ನುತ್ತದಲ್ಲ, ಅದು ಕೆರೋಟಿಡ್. ಎಡಕ್ಕೊಂದು, ಬಲಕ್ಕೊಂದು. ದವಡೆಯ ಮೂಲೆಯ ಕೆಳಗೆ ಅದು ಕವಲೊಡೆದು ಒಂದು ಕವಲು ಮುಖ, ನೆತ್ತಿಯ ಕಡೆಗೂ ಇನ್ನೊಂದು ತಲೆಯೊಳಕ್ಕೂ ಹೋಗುತ್ತದೆ. ಉಳಿದೆರಡು ಕೈಗೆ ಸಿಗೋದಿಲ್ಲ. ಕುತ್ತಿಗೆಯ ಮೂಳೆಗಳ ಪಕ್ಕದಲ್ಲಿ ಸಣ್ಣ ತೂತುಗಳಿವೆ. ಸಾಮಾನ್ಯವಾಗಿ ಆರನೇ ಮೂಳೆಯಿಂದ ಮೇಲಕ್ಕೆ ಆ ತೂತುಗಳಲ್ಲಿ ಮಣಿಗೆ ದಾರ ಪೋಣಿಸಿದ ಹಾಗೆ ವರ್ಟಿಬ್ರಲ್ ನಾಳ ಹತ್ತುತ್ತದೆ. ಎಡದ್ದೂ ಬಲದ್ದೂ ತಲೆಬುರುಡೆಯೊಳಗೆ ಸೇರಿ ಒಂದೇ ಆಗುತ್ತವೆ. ಅದಕ್ಕೆ ಬೇಸಿಲಾರ್ ಅಂತ ಹೆಸರು. ನುಂಗೋದು, ಉಸಿರಾಡೋದು, ಎಚ್ಚರ ಇರೋದು, ಇವೆಲ್ಲ ನಡೆಯೋ ಮೆದುಳುಬುಡಕ್ಕೆ ಇದರದೇ ನೀರು.

ನೋಡಿ, ನೀರು ಅಂತ ಬರೆದುಬಿಟ್ಟೆ. ಇರಲಿ.

ನಮ್ಮ ಜನಕ್ಕೆ ರಕ್ತನಾಳ ಅನ್ನೋ ಮಾತು ಬಾಯಿಗೆ ಬರೋದಿಲ್ಲ, ಎಲ್ಲವೂ ನರವೇ. "ತಲೆ ನರ ಬ್ಲಾಕ್ ಆಗೈತಿ", "ನರ ಒಡದೈತಿ". ಡಾಕ್ಟರುಗಳು ತಿದ್ದಲು ಹೋಗೋದಿಲ್ಲ, ನಾನೂ ತಿದ್ದೋದಿಲ್ಲ. ಬ್ಲಾಕ್ ಆಯಿತೋ, ಒಡೆಯಿತೋ ಅನ್ನೋದು ತಿಳಿದರೆ ಸಾಕು.

ಈ ನಾಲ್ಕೂ ನಾಳಗಳು ಮೆದುಳಿನ ತಳದಲ್ಲಿ ಕೈ ಹಿಡಿದುಕೊಂಡು ಒಂದು ಬಳೆಯಂತಾಗುತ್ತವೆ. ನನಗೆ ಮೆದುಳಿನಲ್ಲಿ ತುಂಬಾ ಇಷ್ಟದ ಜಾಗ ಇದು. ಥಾಮಸ್ ವಿಲ್ಲಿಸ್ ಅನ್ನೋ ಇಂಗ್ಲಿಷ್ ಡಾಕ್ಟರ್ 1664ರಲ್ಲಿ ಮೆದುಳಿನ ರಚನೆಯ ಮೇಲೆ ಒಂದು ಪುಸ್ತಕ ತಂದ. ಅದಕ್ಕೆ ಚಿತ್ರ ಬರೆದುಕೊಟ್ಟವರಲ್ಲಿ ಕ್ರಿಸ್ಟೋಫರ್ ರೆನ್ ಒಬ್ಬ, ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚ್ ಕಟ್ಟಿದನಲ್ಲ, ಅವನೇ. ಬಳೆಯನ್ನು ವಿಲ್ಲಿಸ್‌ಗಿಂತ ಮೊದಲೇ ನೋಡಿದವರಿದ್ದರು. ಆದರೆ ಅದು ಯಾಕಿದೆ ಅಂತ ಕೇಳಿದ್ದು ಅವನು. ಅವನು ಕೊಯ್ದು ನೋಡಿದ ಒಬ್ಬನ ಶವದಲ್ಲಿ ಒಂದು ಕಡೆಯ ಕೆರೋಟಿಡ್ ಮುಚ್ಚಿಹೋಗಿತ್ತು. ಬದುಕಿದ್ದಾಗ ಆತನಿಗೆ ಲಕ್ವಾ ಹೊಡೆದಿರಲಿಲ್ಲ. ಅದೇ ಕಡೆಯ ವರ್ಟಿಬ್ರಲ್ ನಾಳ ದಪ್ಪ ಆಗಿತ್ತು. ಒಂದು ಕಾಲುವೆ ಹೂಳು ತುಂಬಿ ನಿಂತಿದೆ, ಪಕ್ಕದ ಕಾಲುವೆ ಅದರ ಹೊಲಕ್ಕೂ ನೀರು ಕೊಟ್ಟಿದೆ!

ಎಡದಂಡೆ, ಬಲದಂಡೆ ಎರಡನ್ನೂ ಹೀಗೆ ಜೋಡಿಸಿದ್ದರೆ ಹೇಗಿರುತ್ತಿತ್ತು ಅಂತ ಒಮ್ಮೆ ಅಪ್ಪನ ಮುಂದೆ ಅಂದಿದ್ದೆ. ಆಗ ಅವನಿಗೆ ಮಾತಿತ್ತು. "ಜೋಡ್ಸಿದ್ರ ಎರಡೂ ಕಡೆ ಜಗಳ ಆಕ್ಕಿತ್ತು" ಅಂದ.

ಬಳೆಯ ಮೇಲೆ ಪೂರ್ತಿ ನಂಬಿಕೆ ಇಡೋಕೂ ಆಗೋದಿಲ್ಲ. ಪುಸ್ತಕದ ಚಿತ್ರದಲ್ಲಿ ಇದ್ದ ಹಾಗೆ ಎಲ್ಲ ತುಂಡುಗಳೂ ಸರಿಯಾಗಿ ಕೂಡಿದ ಬಳೆ ಅರ್ಧಕ್ಕರ್ಧ ಜನರಲ್ಲೂ ಇರೋದಿಲ್ಲ. ಒಬ್ಬರಿಗೆ ಒಂದು ತುಂಡು ದಾರದಷ್ಟು ಸಣ್ಣ, ಇನ್ನೊಬ್ಬರಿಗೆ ಇಲ್ಲವೇ ಇಲ್ಲ. ಬದುಕಿಡೀ ಗೊತ್ತೂ ಆಗೋದಿಲ್ಲ. ಮೇಲಾಗಿ ಬಳೆ ಇರೋದು ತಳದಲ್ಲಿ. ಅಲ್ಲಿಂದ ಕೊಂಬೆಗಳು ಹೊರಟ ಮೇಲೆ ಒಂದೊಂದಕ್ಕೂ ಅದರದೇ ಸೀಮೆ. ಮುಂದಿನ ಕೊಂಬೆಗೆ ಕಾಲು ಆಡಿಸೋ ಜಾಗ, ಹಿಂದಿನದಕ್ಕೆ ಕಣ್ಣು ಕಂಡದ್ದನ್ನು ತಿಳಿಯೋ ಜಾಗ, ನಡುವಿನದಕ್ಕೆ ಮುಖ, ಕೈ. ಎಡಗಡೆಯಾದರೆ ಬಹುತೇಕ ಜನರಲ್ಲಿ ಮಾತೂ ಅದರದೇ. ಈ ನಡುವಿನ ಕೊಂಬೆಯಲ್ಲೇ ಲಕ್ವಾ ಜಾಸ್ತಿ. ಅಪ್ಪನಿಗೆ ಕಟ್ಟಿದ್ದು ಎಡಗಡೆಯದು.

ಆ ದಿನಕ್ಕೆ ಒಂದು ವಾರ ಮುಂಚೆ ಅವನ ಕೈಯಿಂದ ಚಹಾದ ಲೋಟ ಜಾರಿತ್ತಂತೆ. ಹತ್ತು ನಿಮಿಷ ಬಲಗೈ ಜೋಮು, ಆಮೇಲೆ ಸರಿ. ತಮ್ಮ ಫೋನ್ ಮಾಡಿದ್ದ. ಅಪ್ಪನಿಗೆ ಕೊಡು ಅಂದೆ. "ಏನಿಲ್ಲ ಬಿಡವ್ವ, ಆರಾಮ ಅದೀನಿ" ಅಂದ. ದನಿ ಸರಿಯಾಗೇ ಇತ್ತು. ನಾನು ಸುಮ್ಮನಾದೆ. ಹೀಗೆ ಬಂದು ಹೋಗೋ ಲಕ್ವಾ ದೊಡ್ಡದಕ್ಕೆ ಮುನ್ಸೂಚನೆ, ಅದಾದ ಮೊದಲ ಕೆಲವು ದಿನಗಳೇ ಅಪಾಯದವು ಅಂತ ನಮ್ಮ ಸೆಂಟರಿನ ಗೋಡೆಯ ಮೇಲೆ ಬೋರ್ಡ್ ಇದೆ. ಅದರ ಕೆಳಗೇ ಕೂತು ನಾನು ಊಟ ಮಾಡೋದು.

ಆವತ್ತು ಬೆಳಗಿನ ಜಾವ ತೂಬಿನ ಹತ್ತಿರ ಹೋಗಿದ್ದ. ಐದೂವರೆಗೆ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಅವ್ವ ನೋಡುತ್ತಿದ್ದ ಹಾಗೇ ಸಲಿಕೆ ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಬಲಕ್ಕೆ ವಾಲಿದ. ಬಾಯಿ ಸೊಟ್ಟಗಾಗಿತ್ತು. ಯಾರೋ ಸಕ್ಕರೆ ನೀರು ತಂದು ಬಾಯಿಗೆ ಹಾಕಿದರು. ನುಂಗೋಕೆ ಬಾರದವನಿಗೆ ಅದು ಶ್ವಾಸಕೋಶಕ್ಕೇ ಇಳಿಯಬಹುದಿತ್ತು. ಲಕ್ವಾ ಅಂತ ಗೊತ್ತಾದ ಮೇಲೆ ಪಾರಿವಾಳದ ರಕ್ತ ಹಚ್ಚಬೇಕು ಅಂತ ಒಬ್ಬರು ಪಾರಿವಾಳ ಹುಡುಕಲು ಹೋದರು. ತಮ್ಮ ಹತ್ತು ಸಲ ಫೋನ್ ಮಾಡಿದ್ದಾನೆ. ನನ್ನ ಫೋನ್ ಚಾರ್ಜಿಗಿತ್ತು. ನೋಡಿದ್ದು 6.40ಕ್ಕೆ.

"ಅಕ್ಕಾ, ಅಪ್ಪನ ಬಾಯಿ ಸೊಟ್ಟ ಆಗೈತಿ. ರಾಯಚೂರಿಗೆ ಒಯ್ಯಲ್ಲಾ?"

"ಬ್ಯಾಡ. ಇಲ್ಲಿಗೆ ಕರಕೊಂಡು ಬಾ. ನಾ ಅದೀನಿ" ಅಂದೆ.

ನಾ ಅದೀನಿ! ರಾಯಚೂರು ನಮ್ಮೂರಿಗೆ ಒಂದು ಗಂಟೆಯ ದಾರಿ. ಬಳ್ಳಾರಿಗೆ ಸಿಂಧನೂರು ಮುಟ್ಟಿ, ದಢೇಸುಗೂರಿನ ಸೇತುವೆ ದಾಟಿ, ಸಿರುಗುಪ್ಪ ಹಾದು ಬರಬೇಕು. ನನಗೆ ಗುರುತಿನ ಡಾಕ್ಟರು, ಗುರುತಿನ ಮಷೀನು ಅಂತ ನಾನು ಅವನನ್ನು ಅಷ್ಟು ದೂರ ಎಳೆಸಿದೆ. ಗಾಡಿ ಸಿಗೋದರಲ್ಲಿ ಏಳೂವರೆ. ನಡುವೆ ಒಂದು ಕಡೆ ಡ್ರಿಪ್ ಹಾಕಿಸೋಕೆ ನಿಲ್ಲಿಸಿದರು, ಅಲ್ಲಿ ಸ್ಕ್ಯಾನ್ ಇರಲಿಲ್ಲ. ನಮ್ಮ ಬಾಗಿಲಿಗೆ ಬಂದಾಗ 11.15.

ಕಟ್ಟಿದ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಇದೆ. ಲಕ್ವಾ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು. ಐದೂವರೆಗೆ ನಾಲ್ಕೂವರೆ ಕೂಡಿಸಿ. ಹತ್ತು ಗಂಟೆ. ತೊಡೆಸಂದಿಯ ನಾಳದಿಂದ ತೆಳು ಕೊಳವೆ ಏರಿಸಿ ಗಡ್ಡೆಯನ್ನೇ ಎಳೆದು ತೆಗೆಯೋ ವಿಧಾನವೂ ಇದೆ. ಕೆಲವರಿಗೆ 24 ಗಂಟೆಯ ತನಕ ಮಾಡಬಹುದು. ಅದಕ್ಕೆ ಬೆಂಗಳೂರೋ ಹೈದರಾಬಾದೋ ಅಂದರು. ನಾವು ಹೋಗಲಿಲ್ಲ. ಹಣದ್ದೂ ಇತ್ತು, ಧೈರ್ಯದ್ದೂ ಇತ್ತು.

ಅವನನ್ನು ಟೇಬಲ್ ಮೇಲೆ ಮಲಗಿಸಿದ್ದು ನಾನೇ. ತಲೆಗೆ ಪಟ್ಟಿ ಕಟ್ಟುವಾಗ ನನ್ನ ಮುಖ ನೋಡಿ ಏನೋ ಹೇಳಲು ಹೊರಟ. ತುಟಿ ಎರಡು ಸಲ ಆಡಿತು. "ಬಂತಾ?" ಅಂದ. ಬಂತಪ್ಪ ಅಂದೆ. ಯಾವುದು ಅಂತ ನನಗೂ ಗೊತ್ತಿರಲಿಲ್ಲ.

ಪರದೆಯ ಮೇಲೆ ಬಂದ ಚಿತ್ರ ಹೆಚ್ಚುಕಡಿಮೆ ಸರಿಯಾಗೇ ಇತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನಮ್ಮ ಕೌಂಟರಿನಲ್ಲಿ ವಾರಕ್ಕೊಮ್ಮೆ ಇದೇ ಜಗಳ. "ಸ್ಕ್ಯಾನ್‌ನ್ಯಾಗ ಏನೂ ಇಲ್ಲಂತೀರಿ, ಮತ್ತ ಯಾಕ ಮಾತಾಡವಲ್ರು?" ನಾಳ ಒಡೆದು ರಕ್ತ ಸುರಿದಿದ್ದರೆ ಸಿ.ಟಿ.ಯಲ್ಲಿ ಬೆಳ್ಳಗೆ, ಸುಣ್ಣ ಚೆಲ್ಲಿದ ಹಾಗೆ ತಕ್ಷಣ ಕಾಣುತ್ತದೆ. ನಾಳ ಕಟ್ಟಿದ್ದರೆ ಮೊದಲ ಕೆಲವು ಗಂಟೆ ಕಾಣೋದೇ ಕಡಿಮೆ. ಹಾಗಾಗಿ ಮೊದಲ ಸ್ಕ್ಯಾನ್ ಮಾಡೋದು ಮುಖ್ಯವಾಗಿ 'ಬೆಳ್ಳಗೆ ಇಲ್ಲ' ಅಂತ ಖಾತ್ರಿ ಮಾಡಿಕೊಳ್ಳೋಕೆ. ಬಿಳಿ ಇದ್ದರೆ ಆ ಇಂಜೆಕ್ಷನ್ ಮುಟ್ಟಬಾರದು. ಮನೆಯಲ್ಲಿ ಯಾರೋ ಹೇಳಿದರು ಅಂತ ಆಸ್ಪಿರಿನ್ ನುಂಗಿಸೋದೂ ಇದಕ್ಕೇ ತಪ್ಪು. ಯಾವ ಲಕ್ವಾ ಅಂತ ಹೊರಗಿನಿಂದ ನೋಡಿ ಹೇಳೋಕೆ ಆಗೋದಿಲ್ಲ.

ಮರುದಿನದ ಸ್ಕ್ಯಾನಿನಲ್ಲಿ ಎಡಗಡೆ ಕಪ್ಪಾಗಿತ್ತು. ತ್ರಿಕೋನದ ಹಾಗೆ, ಒಂದು ಉಪಕಾಲುವೆಯ ಅಚ್ಚುಕಟ್ಟನ್ನು ನಕ್ಷೆಯಲ್ಲಿ ಗುರುತು ಮಾಡಿದ ಹಾಗೆ.

ಆ ಎರಡು ಚಿತ್ರಗಳ ನಡುವೆ ಏನಾಯಿತು ಅನ್ನೋದನ್ನು ರೈತರಿಗೆ ಹೇಳೋದು ಸುಲಭ. ಮೆದುಳಿನ ನೂರು ಗ್ರಾಂಗೆ ನಿಮಿಷಕ್ಕೆ 50 ಮಿಲಿಲೀಟರಿನಷ್ಟು ರಕ್ತ ಬೇಕು. ಅದು 20ರ ಕೆಳಗೆ ಇಳಿದರೆ ಅಲ್ಲಿನ ಕೆಲಸ ನಿಲ್ಲುತ್ತದೆ, ಆದರೆ ಜೀವ ಇರುತ್ತದೆ. 10ರ ಕೆಳಗೆ ಇಳಿದರೆ ಜೀವವೇ ಹೋಗುತ್ತದೆ. ಗಡ್ಡೆ ಕಟ್ಟಿದಾಗ ನಟ್ಟನಡುವಿನ ಭಾಗ ಬೇಗ ಒಣಗುತ್ತದೆ. ಸುತ್ತಲಿನದಕ್ಕೆ ಅಕ್ಕಪಕ್ಕದ ಸಣ್ಣ ನಾಳಗಳಿಂದ ಒಸರು ಬರುತ್ತಿರುತ್ತದೆ. ಅದು ಬಾಡಿದ ಪೈರು. ಬಾಡಿದ್ದಕ್ಕೂ ಒಣಗಿದ್ದಕ್ಕೂ ಇರೋ ವ್ಯತ್ಯಾಸ ನಮ್ಮಪ್ಪನಿಗೆ ಬದುವಿನ ಮೇಲೆ ನಿಂತರೆ ಗೊತ್ತಾಗುತ್ತಿತ್ತು. ಎಲೆ ಮುಟ್ಟಿ, "ಇನ್ನ ಐತಿ ಇದು" ಅನ್ನುತ್ತಿದ್ದ. ಲಕ್ವಾದಲ್ಲಿ ಎಲ್ಲ ಓಡಾಟವೂ ಈ ಬಾಡಿದ್ದನ್ನು ಉಳಿಸಿಕೊಳ್ಳೋಕೆ. ದೊಡ್ಡ ನಾಳ ಕಟ್ಟಿ ಚಿಕಿತ್ಸೆ ಸಿಗದೆ ಹೋದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶ ಸಾಯುತ್ತವೆ ಅಂತ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಅಪ್ಪನ ಪ್ರಯಾಣಕ್ಕೆ ಆ ಗುಣಾಕಾರ ನಾನು ಮಾಡಿಲ್ಲ. ಸುಳ್ಳು, ಮಾಡಿದ್ದೇನೆ. ದಢೇಸುಗೂರಿನ ಸೇತುವೆ ತನಕ ಮಾಡಿ ನಿಲ್ಲಿಸಿದೆ.

ಎಲ್ಲಿಂದ ಬಂತು ಆ ಗಡ್ಡೆ? ಕುತ್ತಿಗೆಯ ಡಾಪ್ಲರ್, ಅಂದರೆ ನಾಳದಲ್ಲಿ ರಕ್ತ ಹರಿಯೋದನ್ನು ತೋರಿಸೋ ಸ್ಕ್ಯಾನ್, ಮಾಡಿದಾಗ ಎಡ ಕೆರೋಟಿಡ್ ಕವಲೊಡೆಯೋ ಜಾಗದಲ್ಲೇ ಕೊಬ್ಬು ಗಟ್ಟಿಯಾಗಿ ಕೂತಿತ್ತು. ಬಹಳ ಜನರಿಗೆ ಅಲ್ಲೇ ಕೂರೋದು. ಕವಲಿನಲ್ಲಿ ರಕ್ತದ ಹರಿವು ಸುಳಿಯಾಗುತ್ತದೆ, ನಿಧಾನ ಆಗುತ್ತದೆ. ಹೂಳು ಎಲ್ಲಿ ಕೂರುತ್ತದೆ ಅಂತ ಕಾಲುವೆ ನೋಡಿಕೊಳ್ಳೋ ಗ್ಯಾಂಗ್‌ಮನ್‌ಗಳನ್ನು ಕೇಳಿ, ಇದನ್ನೇ ಹೇಳುತ್ತಾರೆ. 133 ಟಿಎಂಸಿ ಹಿಡಿಯುತ್ತಿದ್ದ ನಮ್ಮ ಡ್ಯಾಂ ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದು ನಿಂತಿದೆ. ಅಪ್ಪನ ಹೂಳಿಗೆ ಬೀಡಿಯದೂ ಪಾಲಿತ್ತು, ಬಿಪಿಯದೂ ಪಾಲಿತ್ತು. ಬಿಪಿ ಮಾತ್ರೆ ತಿಂಗಳು ನುಂಗಿ, ಆರಾಮ ಅನಿಸಿದ ಕೂಡಲೇ ಬಿಟ್ಟಿದ್ದ.

ಆಸ್ಪತ್ರೆಯಲ್ಲಿ ಅವನ ಬಿಪಿ 190 ಇದ್ದರೂ ಇಳಿಸದೆ ಬಿಟ್ಟಾಗ ತಮ್ಮ ಕೂಗಾಡಿದ. ಅವನ ತಪ್ಪಲ್ಲ. ಮೆದುಳಿನ ಸಣ್ಣ ನಾಳಗಳು ತಾವೇ ಹಿಗ್ಗಿ, ಕುಗ್ಗಿ ಹರಿವನ್ನು ಒಂದೇ ಮಟ್ಟದಲ್ಲಿ ಇಡುತ್ತವೆ. ಮೇಲಿನಿಂದ ಒತ್ತಡ ಏರಲಿ, ಇಳಿಯಲಿ, ತೂಬು ತಾನೇ ಸರಿಮಾಡಿಕೊಂಡ ಹಾಗೆ. ವರ್ಷಾನುಗಟ್ಟಲೆ ಬಿಪಿ ಇದ್ದವರ ನಾಳಗಳು ಹೆಚ್ಚಿನ ಒತ್ತಡಕ್ಕೇ ಒಗ್ಗಿರುತ್ತವೆ. ಅಂಥವರಲ್ಲಿ ಒಮ್ಮೆಲೇ ಇಳಿಸಿದರೆ ಬಾಡಿದ ಪೈರಿಗೆ ಬರುತ್ತಿದ್ದ ಒಸರೂ ನಿಲ್ಲುತ್ತದೆ.

ಹಾಗೆ ಒತ್ತಡ ಕುಸಿದಾಗ ಮೊದಲು ಸಾಯೋ ಜಾಗ ಯಾವುದು ಗೊತ್ತಾ? ಎರಡು ಕೊಂಬೆಗಳ ಸೀಮೆ ಕೂಡೋ ಗಡಿ. ಮುಂದಿನ ಕೊಂಬೆಗೂ ನಡುವಿನದಕ್ಕೂ ನಡುವೆ, ನಡುವಿನದಕ್ಕೂ ಹಿಂದಿನದಕ್ಕೂ ನಡುವೆ. ಎರಡೂ ಕಡೆಯಿಂದ ಕಟ್ಟಕಡೆ. ಎರಡು ನದಿಗಳ ನಡುವಿನ ದಿಬ್ಬಕ್ಕೆ ಹೇಳೋ 'ವಾಟರ್‌ಶೆಡ್' ಅನ್ನೋ ಹೆಸರನ್ನೇ ಡಾಕ್ಟರುಗಳು ಇದಕ್ಕೂ ಇಟ್ಟಿದ್ದಾರೆ. ಈ ಪಾಠ ಓದಿದ ದಿನ ನನಗೆ ನಗು ಬಂತು. ನಮ್ಮ ರಾಯಚೂರು ಸೀಮೆಗೆ ಹಳೇ ಹೆಸರು ಎಡೆದೊರೆ. ಎರಡು ಹೊಳೆಗಳ ನಡುವಿನ ನಾಡು. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ನಡುವೆ ನಾವು, ತೂಬಿನ ಮುಂದೆ ಕೂತು ಕಾಯುತ್ತಾ.

ಕಾಯೋದು ನಮಗೆ ಅಷ್ಟು ರೂಢಿ. ಬಾಯಿ ಸೊಟ್ಟಗಾದರೂ "ಸ್ವಲ್ಪ ತಡಿ, ಸರಿ ಆಕ್ಕೈತಿ" ಅಂತ ಬಾಯಿಗೆ ಬರೋದು ಅದಕ್ಕೇ ಅಂತ ನನಗೆ ಅನಿಸುತ್ತದೆ. ತಡೆದರೆ ನೀರು ಬಂದೇ ಬರುತ್ತದೆ ಅಂತ ಕಾಲುವೆ ನಮಗೆ ಕಲಿಸಿದೆ. ಬಹಳ ಸಲ ಬಂದೂ ಇದೆ.

2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟ್ ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಆ ವಾರ ಅಪ್ಪ ಟಿವಿ ಬಿಟ್ಟು ಏಳಲಿಲ್ಲ. 33 ಗೇಟಿನಲ್ಲಿ ಒಂದು. ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ಕಿಂಡಿ ಮುಚ್ಚೋಕೆ ಒಂದು ವಾರ ಬೇಕಾಯಿತು. ಅಷ್ಟೊಂದು ನೀರು ನೋಡಿ ತಮ್ಮನ ಮಗ, "ತಾತ, ಈಗ ನಮಗ ಜಾಸ್ತಿ ನೀರು ಬರ್ತೈತಿ" ಅಂದ. ಅಪ್ಪ ಎಡಗೈ ಬೀಸಿದ. ಬಂತಾ, ಬಂತಾ, ಬಂತಾ. ಇಲ್ಲವೋ ಮಂಕೇ, ಹೊಳೆಗೆ ಹೋಗೋ ನೀರು ಕಾಲುವೆಗೆ ಬರೋದಿಲ್ಲ ಅಂತ. ಒಡೆದ ನಾಳವೂ ಹೀಗೇ. ತಲೆ ತುಂಬಾ ರಕ್ತ, ಮುಂದಿನ ಹೊಲಕ್ಕೆ ಹನಿ ಇಲ್ಲ. ಮೇಲಾಗಿ ಸುರಿದ ರಕ್ತ ಗಟ್ಟಿ ಬುರುಡೆಯಿಂದ ಹೊರಗೆ ಹೋಗೋಕೆ ದಾರಿ ಇಲ್ಲದೆ ಮೆದುಳನ್ನೇ ಅಮುಕುತ್ತದೆ.

1861ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ ಅನ್ನೋ ಡಾಕ್ಟರ್ ಒಬ್ಬ ರೋಗಿಯನ್ನು ನೋಡಿದ. ಆತ ವರ್ಷಾನುಗಟ್ಟಲೆ ಹೇಳುತ್ತಿದ್ದದ್ದು ಹೆಚ್ಚುಕಡಿಮೆ "ತಾನ್" ಅಂತ ಒಂದೇ. ಆಸ್ಪತ್ರೆಯಲ್ಲಿ ಅವನ ಹೆಸರೇ ತಾನ್ ಆಗಿತ್ತು. ಅವನು ಸತ್ತ ಮೇಲೆ ಮೆದುಳು ತೆಗೆದು ನೋಡಿದರೆ ಎಡಗಡೆ ಮುಂಭಾಗದಲ್ಲಿ ಪೆಟ್ಟಾಗಿತ್ತು. ಮಾತು ಹೊರಡಿಸೋ ಜಾಗ ಅಲ್ಲಿದೆ ಅಂತ ಗೊತ್ತಾದದ್ದು ಹಾಗೆ. ತಾನ್‌ಗೆ ಅರ್ಥವಿರಲಿಲ್ಲ. ನಮ್ಮಪ್ಪನದಕ್ಕೆ ಇದೆ ಅನ್ನೋದು ನನ್ನ ಹಟ.

ಯಾಕಂದರೆ ಹೋಗಿರೋದು ಮಾತು ಹೊರಡಿಸೋದು, ತಿಳಿಯೋದಲ್ಲ. ಸೋಮವಾರ ಗುಡಿಯಲ್ಲಿ ಭಜನೆಯವರು ಕೂತರೆ ಗುಂಪಿನ ಜೊತೆ ಪೂರ್ತಿ ಸಾಲು ಹಾಡುತ್ತಾನೆ, ಶಬ್ದಗಳೂ ಸರಿ. ಹಾಡಿಗೆ ಬಲ ಮೆದುಳಿನ ನೆರವು ಜಾಸ್ತಿ ಅನ್ನುತ್ತಾರೆ. ಹಾಡು ಮುಗಿದ ಕೂಡಲೇ ಚೊಂಬು ತೋರಿಸಿ ಇದೇನಪ್ಪ ಅಂದರೆ ಬಂತಾ. ಮೊದಲ ಸಲ ಅವ್ವ ಅತ್ತಳು. ಈಗ ನೀರು ಬೇಕಾದಾಗ ಹಾಡಲು ಹೇಳಿ ರೇಗಿಸುತ್ತಾಳೆ.

ಮೊನ್ನೆ ಊರಿಗೆ ಹೋಗಿದ್ದೆ. ಬೆಳಗ್ಗೆ ಕಟ್ಟೆಯ ಮೇಲೆ ಕೂತಿದ್ದ. ಅದೇ ಕಟ್ಟೆ. ತಮ್ಮ ಬೈಕ್ ನಿಲ್ಲಿಸುತ್ತಿದ್ದ ಹಾಗೇ ಪ್ರಶ್ನೆ ಬಿತ್ತು.

"ಬಂತಾ?"

"ಕಾಲುವಿ 104ನೇ ಮೈಲಿಗೆ ನಾಲ್ಕು ಅಡಿ ನೀರಿನ ಗೇಜ್ ಐತಂತಪ್ಪ. ಆಫೀಸ್ನ್ಯಾಗ ಹೇಳಿದ್ರು."

ಅಪ್ಪ ಎಡಗೈ ಎತ್ತಿ ನಾಲ್ಕು ಬೆರಳು ಬಿಡಿಸಿದ. ಅವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಮ್ಮನ ಮುಖ ನೋಡುತ್ತಾ ಒಂದು ಬೆರಳು ಮಡಿಚಿದ.